ಮನೆಯ ಪಾಸ್‌ವರ್ಡ್ ಯಾರ ಬಳಿ?

1969ರ ಕ್ರಿಸ್‌ಮಸ್ ಸಮಯ. ಅಮೆರಿಕದ ಸಿರಿವಂತರ ಅಂಗಡಿ ನೀಮನ್ ಮಾರ್ಕಸ್ ತನ್ನ ಉಡುಗೊರೆಗಳ ಪಟ್ಟಿಯಲ್ಲಿ ಒಂದು ವಿಚಿತ್ರ ವಸ್ತುವನ್ನು ಸೇರಿಸಿತು. ಹೆಸರು ‘ಕಿಚನ್ ಕಂಪ್ಯೂಟರ್’, ತಯಾರಿಸಿದ್ದು ಹನಿವೆಲ್ ಕಂಪೆನಿ, ಬೆಲೆ 10,600 ಡಾಲರ್. ತರಕಾರಿ ಹೆಚ್ಚುವ ಮಣೆಯೂ ಅದರಲ್ಲೇ ಕೂಡಿಕೊಂಡಿತ್ತು. ಈ ಯಂತ್ರ ಲೆಕ್ಕ ಮಾಡುವಷ್ಟು ಚೆನ್ನಾಗಿ ಆಕೆ ಅಡುಗೆಯನ್ನೂ ಮಾಡುವಂತಿದ್ದರೆ ಎಂಬ ಧಾಟಿಯಲ್ಲಿತ್ತು ಜಾಹೀರಾತು. ಆದರೆ ಇವತ್ತು ಯಾವ ಸಾರು ಮಾಡಲಿ ಎಂದು ಕೇಳಬೇಕಾದರೆ ಗೃಹಿಣಿ ಮುಂಭಾಗದ ಸ್ವಿಚ್ಚುಗಳನ್ನು ಸೊನ್ನೆ-ಒಂದರ ಭಾಷೆಯಲ್ಲಿ ಒತ್ತಿ, ಮಿನುಗುವ ದೀಪಗಳನ್ನು ನೋಡಿ ಉತ್ತರವನ್ನು ಬಿಡಿಸಿಕೊಳ್ಳಬೇಕಿತ್ತು! ಇದನ್ನು ಕಲಿಸುವ ಎರಡು ವಾರಗಳ ತರಬೇತಿಯೂ ಬೆಲೆಯಲ್ಲೇ ಸೇರಿತ್ತು. ಒಂದೇ ಒಂದು ಯಂತ್ರ ಮಾರಾಟವಾದ ದಾಖಲೆಯೂ ಇಲ್ಲ.

ಅದನ್ನು ರೂಪಿಸಿದವರು ಹೆಡ್ಡರೇನೂ ಆಗಿರಲಿಲ್ಲ. ಬೇರೆ ಕೆಲಸಕ್ಕೆಂದು ಮಾಡಿದ ಒಳ್ಳೆಯ ಯಂತ್ರಕ್ಕೆ ಅಡುಗೆಮನೆಯ ವೇಷ ತೊಡಿಸಿದ್ದರು, ಅಷ್ಟೆ. ಒಲೆಯ ಮುಂದೆ ನಿಂತವಳಿಗೆ ನಿಜವಾಗಿ ಬೇಕಾದದ್ದೇನು ಎಂದು ಯಾರೂ ಕೇಳಿದಂತೆ ಕಾಣುವುದಿಲ್ಲ.

ಕೇಳಿದ್ದರೆ ಏನಾಗುತ್ತಿತ್ತು? ಅದಕ್ಕೂ ಅಮೆರಿಕದಲ್ಲೇ ಒಂದು ಉತ್ತರವಿದೆ. ಆರೆಗಾನ್ ರಾಜ್ಯದ ನ್ಯೂಬರ್ಗ್ ಎಂಬ ಊರಿನಲ್ಲಿ ಫ್ರಾನ್ಸೆಸ್ ಗೇಬ್ ಎಂಬ ಮಹಿಳೆ ಇದ್ದಳು. ಗುಡಿಸಿ, ಒರೆಸಿ, ತೊಳೆದು ಸಾಕಾದ ಆಕೆ ತನ್ನನ್ನು ತಾನೇ ತೊಳೆದುಕೊಳ್ಳುವ ಮನೆಯನ್ನೇ ಕಟ್ಟಿದಳು. ಕೋಣೆಯ ಚಾವಣಿಯಿಂದ ಮೊದಲು ಸೋಪಿನ ನೀರು, ಆಮೇಲೆ ಬರಿ ನೀರು ಸಿಂಪಡಣೆಯಾಗುತ್ತದೆ. ಇಳಿಜಾರಿನ ನೆಲದ ಮೇಲೆ ಅದೆಲ್ಲ ಹರಿದು ಮೋರಿ ಸೇರುತ್ತದೆ. ಕೊನೆಗೆ ಬಿಸಿಗಾಳಿ ಬೀಸಿ ಒಣಗಿಸುತ್ತದೆ. ಪಾತ್ರೆಗಳು ಕಪಾಟಿನಲ್ಲಿ ಇದ್ದಲ್ಲೇ ತೊಳೆದುಕೊಳ್ಳುತ್ತವೆ. 1984ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಪುಸ್ತಕಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಕೊಂಡು ಬದುಕುವುದು ನಮಗೆ ನಿಮಗೆ ಆಗದ ಮಾತು. ಆದರೂ ಬೇಸತ್ತ ಕೈಗಳೇ ನಕ್ಷೆ ಬರೆದರೆ ಮನೆ ಎಷ್ಟು ಬೇರೆಯಾಗಿ ಕಾಣುತ್ತದೆ ನೋಡಿ. ಗೇಬ್ 2016ರಲ್ಲಿ, ತನ್ನ 101ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಈಗ ಕೃತಕ ಬುದ್ಧಿಮತ್ತೆಯ ಕಾಲ. ದೀಪ, ಫ್ಯಾನು, ಬೀಗ, ಗೀಸರ್ ಎಲ್ಲವೂ ಮಾತು ಕೇಳುವ ‘ಜಾಣಮನೆ’ ನಮ್ಮ ಅಪಾರ್ಟ್‌ಮೆಂಟುಗಳಿಗೂ ಬಂದಿದೆ. ಅಪ್ಪಣೆ ಪಾಲಿಸುವ ದನಿ ಮಾತ್ರ ಬಹುತೇಕ ಹೆಣ್ಣಿನದೇ. 2011ರಲ್ಲಿ ಬಂದ ಸಿರಿ ಅಮೆರಿಕದಲ್ಲಿ ಹೆಣ್ಣಿನ ದನಿಯಲ್ಲಿ ಮಾತಾಡಿತು, ಬ್ರಿಟನ್ನಿನಲ್ಲಿ ಗಂಡಿನ ದನಿಯಲ್ಲಿ! ಅಂದರೆ ತಾಂತ್ರಿಕ ಅನಿವಾರ್ಯವೇನೂ ಇರಲಿಲ್ಲ. ಯಾರೋ ಕುಳಿತು ಆರಿಸಿದ್ದು. ಬೈದರೂ ನಾಚಿಕೊಂಡಂತೆ ಉತ್ತರಿಸುತ್ತಿದ್ದ ಈ ದನಿಗಳ ಬಗ್ಗೆ 2019ರಲ್ಲಿ ಯುನೆಸ್ಕೊ ಒಂದು ವರದಿಯನ್ನೇ ಹೊರತಂದಿತು. ಹೇಳಿದ್ದಕ್ಕೆಲ್ಲ ಹೂಂಗುಟ್ಟುವವಳು ಹೆಣ್ಣು ಎಂಬ ಭಾವನೆ ಮಕ್ಕಳ ಮನಸ್ಸಿನಲ್ಲಿ ಬೇರೂರುವುದಿಲ್ಲವೆ ಎಂಬ ಪ್ರಶ್ನೆ ಎದ್ದಿತು. 2021ರಿಂದ ಆಪಲ್ ಸಂಸ್ಥೆ ಇಂಗ್ಲಿಷ್ ಬಳಸುವವರು ಹೊಸ ಫೋನು ತೆರೆದಾಗ ದನಿಯ ಆಯ್ಕೆಯನ್ನು ಅವರಿಗೇ ಬಿಟ್ಟಿತು.

ದನಿಯ ಮಾತು ಹಾಗಿರಲಿ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಸಂಗತಿ ಕೀಲಿಕೈಯದು. ಇಂಥ ಮನೆಯಲ್ಲಿ ಒಬ್ಬರ ಹೆಸರಿನಲ್ಲಿ ಖಾತೆ ಇರುತ್ತದೆ. ಪಾಸ್‌ವರ್ಡ್ ಅವರದು, ಆ್ಯಪ್ ಇರುವ ಫೋನೂ ಅವರದೇ. ಉಳಿದವರು ತಮ್ಮದೇ ಮನೆಯಲ್ಲಿ ಅತಿಥಿಗಳಿದ್ದಂತೆ. 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದರ ಕರಾಳ ಮುಖವನ್ನು ಬಯಲಿಗೆ ತಂದಿತು. ಒಬ್ಬಾಕೆಯ ಮನೆಯ ಏ.ಸಿ. ತಾನಾಗಿ ಆರುತ್ತಿತ್ತು. ಇನ್ನೊಬ್ಬಳ ಬಾಗಿಲಿನ ಸಂಕೇತಾಂಕ ದಿನವೂ ಬದಲಾಗುತ್ತಿತ್ತು. ಮತ್ತೊಬ್ಬಳಿಗೆ ಕರೆಗಂಟೆ ಕೇಳುತ್ತಿತ್ತು, ಹೋಗಿ ನೋಡಿದರೆ ಯಾರೂ ಇಲ್ಲ. ದೂರ ಕುಳಿತ ಸಂಗಾತಿಗಳೋ, ಬಿಟ್ಟುಹೋದವರೋ ಫೋನಿನಿಂದ ಇದನ್ನೆಲ್ಲ ನಡೆಸುತ್ತಿದ್ದರು. ಯಾರಿಗಾದರೂ ಹೇಳಿದರೆ ತನಗೇ ತಲೆ ಕೆಟ್ಟಿದೆ ಎಂದಾರು ಎಂಬ ಅಂಜಿಕೆ ಬೇರೆ.

ಆ ಬೀಗವನ್ನು ರೂಪಿಸಿದವರು ಹೊರಗಿನ ಕಳ್ಳನ ಬಗ್ಗೆ ಯೋಚಿಸಿದ್ದರು. ಮನೆಯೊಳಗಿನವನ ಬಗ್ಗೆ ಯೋಚಿಸಿರಲಿಲ್ಲ.

ನಮ್ಮಲ್ಲಿ ಮನೆಗೆಲಸ ಯಾರದೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡಿದವರನ್ನಷ್ಟೇ ಲೆಕ್ಕಕ್ಕೆ ಹಿಡಿದರೂ, ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಸಂಬಳವಿಲ್ಲದೆ ದುಡಿದಿದ್ದಾರೆ. ಯಂತ್ರ ಬಂದರೆ ಇದು ತಾನಾಗಿ ಸರಿಹೋಗುತ್ತದೆ ಎನ್ನುವವರು ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಬರೆದ ಪುಸ್ತಕವನ್ನು ಓದಬೇಕು. ಹೊಸ ಒಲೆ ಬಂದಾಗ ತಪ್ಪಿದ್ದು ಸೌದೆ ಒಡೆಯುವ ಗಂಡಸಿನ ಕೆಲಸ, ಅಡುಗೆ ಅವಳಿಗೇ ಉಳಿಯಿತು. ಬಟ್ಟೆ ಒಗೆಯುವ ಯಂತ್ರ ಬಂತು. ಅದರ ಜೊತೆಗೇ ದಿನವೂ ಮಡಿ ಬಟ್ಟೆ ಬೇಕೆಂಬ ನಿರೀಕ್ಷೆಯೂ ಬಂತು.

ಎಂಜಿನಿಯರಿಂಗೋ ಡಿಸೈನೋ ಓದಹೊರಟ ಹುಡುಗ ಹುಡುಗಿಯರಿಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ. ಮನೆಯಲ್ಲಿ ನಾಲ್ವರಿದ್ದರೆ ನಾಲ್ವರಿಗೂ ಸಮಾನ ಖಾತೆ ಏಕಿರಬಾರದು? ಯಾರು ಯಾವಾಗ ಏನನ್ನು ಬದಲಿಸಿದರೆಂದು ಎಲ್ಲರಿಗೂ ಕಾಣಬಾರದೇಕೆ? ಆ್ಯಪ್ ಕೈಕೊಟ್ಟಾಗ ಒತ್ತಲು ಗೋಡೆಯ ಮೇಲೊಂದು ಸ್ವಿಚ್ ಇದೆಯೆ? ಇವೇನೂ ಕನಸಿನ ಮಾತಲ್ಲ. ಸಂಗಾತಿಯ ಕಾಟದಿಂದ ಪಾರಾಗಬೇಕಾದವರು ತಾವು ಹಂಚಿಕೊಂಡ ಅನುಮತಿಗಳನ್ನೆಲ್ಲ ಒಮ್ಮೆಲೇ ಹಿಂತೆಗೆದುಕೊಳ್ಳುವ ಸೌಲಭ್ಯವನ್ನು 2022ರಲ್ಲಿ ಆಪಲ್ ತನ್ನ ಫೋನುಗಳಲ್ಲಿ ಅಳವಡಿಸಿತು. ಯಾರೋ ಕೇಳಿದರು, ಯಾರೋ ಮಾಡಿದರು.

ಮೈಸೂರಿನಲ್ಲಿರುವ ನಮ್ಮ ಪರಿಚಯದವರೊಬ್ಬರ ಮನೆಯಲ್ಲಿ ಮಗರಾಯ ಇಂಥ ಏರ್ಪಾಟನ್ನೆಲ್ಲ ತನ್ನ ಫೋನಿಗೆ ಜೋಡಿಸಿ, ಓದಲೆಂದು ದೂರದೂರಿನ ಹಾಸ್ಟೆಲ್ಲಿಗೆ ಹೊರಟುಹೋದ. ಗೀಸರ್ ದಿನವೂ ಬೆಳಗಿನ ಐದಕ್ಕೆ ಹೊತ್ತಿಕೊಳ್ಳುತ್ತಿತ್ತು. ಸಮಯ ಬದಲಿಸಬೇಕೆಂದರೆ ತಾಯಿ ಮಗನಿಗೆ ಫೋನು ಮಾಡಬೇಕು, ಅವನೋ ತರಗತಿಯಲ್ಲಿರುತ್ತಾನೆ. ದೀಪಾವಳಿ ರಜೆಗೆ ಬಂದಾಗ ಆಕೆ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಪಾಸ್‌ವರ್ಡನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆಸಿಕೊಂಡರು. ಮರುದಿನದಿಂದ ಗೀಸರ್ ಆರೂವರೆಗೆ ಹೊತ್ತಿಕೊಳ್ಳುತ್ತಿದೆ.