ಮೊದಲು ಕೊಳವೆ ಮುರಿಯಲಿ

1994ರ ಜನವರಿ 17ರ ನಸುಕಿನಲ್ಲಿ ಲಾಸ್ ಏಂಜಲಿಸ್ ಬಳಿಯ ನಾರ್ತ್‌ರಿಜ್ ನಡುಗಿತು. ಹೊರಗಿನಿಂದ ನೆಟ್ಟಗೇ ಕಾಣುತ್ತಿದ್ದ ಹಲವು ಉಕ್ಕಿನ ಕಟ್ಟಡಗಳ ಹೊದಿಕೆ ಬಿಚ್ಚಿದ ಎಂಜಿನಿಯರುಗಳು ಬೆಚ್ಚಿದರು. ಕಂಬಕ್ಕೆ ತೊಲೆ ಕೂಡುವ ಕಡೆ, ಬೆಸುಗೆಯ ಹತ್ತಿರ, ಉಕ್ಕು ಗಾಜಿನಂತೆ ಸೀಳಿತ್ತು. ಬಾಗಿ, ಹಿಗ್ಗಿ ನಡುಕವನ್ನು ನುಂಗಬೇಕಿದ್ದ ಲೋಹಕ್ಕೆ ಆ ಅವಕಾಶವೇ ಸಿಕ್ಕಿರಲಿಲ್ಲ. ಸರಿಯಾಗಿ ಒಂದು ವರ್ಷಕ್ಕೆ, ಅದೇ ತಾರೀಖಿನಂದು, ಜಪಾನಿನ ಕೋಬೆಯಲ್ಲೂ ಇಂಥ ಸೀಳುಗಳು ಕಂಡವು.

ಸಂದುಗಳ ಮೇಲಿನ ಈ ಅನುಮಾನ ಬ್ರೇಸ್‌ಗಳಿಗೂ ಸಲ್ಲುತ್ತದೆ. ಅಲುಗಾಡುವ ಮೇಜಿಗೆ ಬಡಗಿ ಓರೆಪಟ್ಟಿ ಹೊಡೆಯುವಂತೆ, ಕಂಬ-ತೊಲೆಗಳ ಚೌಕದಲ್ಲಿ ಮೂಲೆಯಿಂದ ಮೂಲೆಗೆ ಕೂರಿಸುವ ಉಕ್ಕಿನ ಕೊಳವೆಯೇ ಬ್ರೇಸ್. ಭೂಮಿ ಕಂಪಿಸಿದಾಗ ಅದು ಒಂದು ಕ್ಷಣ ಎಳೆತಕ್ಕೆ ಹಿಗ್ಗುತ್ತದೆ, ಮರುಕ್ಷಣ ಒತ್ತಡಕ್ಕೆ ನಡುವಿನಲ್ಲಿ ಡೊಂಕಾಗುತ್ತದೆ. ಕಂಪನದ ಶಕ್ತಿ ಕರಗುವುದು ಹೀಗೆಯೇ. ತೊಂದರೆ ಇರುವುದು ತುದಿಯಲ್ಲಿ. ಚೌಕದ ಮೂಲೆಯಲ್ಲಿರುವ ದಪ್ಪ ತಗಡಿಗೆ ಸಿಕ್ಕಿಸಲು ಕೊಳವೆಯ ತುದಿಯನ್ನು ಸೀಳುತ್ತಾರೆ. ಸೀಳಿದಲ್ಲಿ ಲೋಹ ಕಡಿಮೆ, ಹರಿಯುವುದೂ ಅಲ್ಲೇ.

ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಪ್ಯಾಕರ್ ಮತ್ತು ಕಾನ್‌ಸ್ಟಾಂಟಿನ್ ಕ್ರಿಸ್ಟೊಪೌಲೋಸ್ ಅವರ ತಂಡ ಇದಕ್ಕೆ ಎರಕದ ದಾರಿ ಹಿಡಿಯಿತು. ಕೊಳವೆಯನ್ನು ತಗಡಿಗೆ ಸೇರಿಸುವ ಅವರ ಎರಕದ ಕೊಂಡಿಯ ಒಂದು ತುದಿ ಗುಂಡಗೆ, ಕೊಳವೆಯ ಬಾಯಿಗೆ ಸುತ್ತಲೂ ಬೆಸೆಯಲು. ಇನ್ನೊಂದು ತುದಿ ಕವಲು, ತಗಡನ್ನು ನಡುವೆ ಹಿಡಿದು ಬೋಲ್ಟ್ ಬಿಗಿಯಲು. ಕೊಳವೆಯನ್ನು ಸೀಳುವ ಮಾತೇ ಇಲ್ಲ. ಎಲ್ಲಿ ಬಲ ಹೆಚ್ಚೋ ಅಲ್ಲಿ ಲೋಹ ದಪ್ಪಗೆ ಹರಿಯುವಂತೆ ಅಚ್ಚು ಮಾಡಿಕೊಳ್ಳಬಹುದು. ಎರಕದ ದೊಡ್ಡ ವರ ಇದು.

ಎರಕವೆಂದೊಡನೆ ಪೆಡಸು ಎಂಬ ಭಯ ಹುಟ್ಟುತ್ತದೆ. ಆ ಕೆಟ್ಟ ಹೆಸರು ಎರಕದ ಕಬ್ಬಿಣದ್ದು. ಅದರಲ್ಲಿ ಇಂಗಾಲ ಶೇ. 2ಕ್ಕಿಂತ ಹೆಚ್ಚು. ಇಂಥ ಕೊಂಡಿಗಳ ಉಕ್ಕಿನಲ್ಲಿ ಅದು ತೀರ ಕಡಿಮೆ, ಹಾಗಾಗಿ ಬಾಗುತ್ತದೆ. ನಿಜವಾದ ಶತ್ರು ಒಳಗಿನ ಪೊಳ್ಳು: ಮರಳಚ್ಚಿಗೆ ಹೊಯ್ದ ಉಕ್ಕು ಆರುತ್ತ ಕುಗ್ಗುವಾಗ ಉಳಿಯುವಂಥದ್ದು. ಅದನ್ನು ಶ್ರವಣಾತೀತ ಧ್ವನಿ ಹಾಯಿಸಿ ಹುಡುಕುತ್ತಾರೆ. ಮೇಲ್ಮೈ ಬಿರುಕುಗಳಿಗೆ ಕಾಂತೀಯ ಪುಡಿಯ ಪರೀಕ್ಷೆ. ಅದೇ ಕರಗಿದ ಉಕ್ಕಿನಿಂದ ಎರೆದ ತುಂಡನ್ನು ಎಳೆದು ನೋಡುತ್ತಾರೆ; ಕಚ್ಚು ಹಾಕಿದ ಇನ್ನೊಂದು ತುಂಡಿಗೆ ತೂಗು ಸುತ್ತಿಗೆಯಿಂದ ಹೊಡೆದು, ಮುರಿಯಲು ಎಷ್ಟು ಶಕ್ತಿ ಬೇಕಾಯಿತೆಂದು ಅಳೆಯುತ್ತಾರೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಕೊಳವೆ ಕಾಗದದ ಮೇಲಿನ ಲೆಕ್ಕಕ್ಕಿಂತ ಗಟ್ಟಿಯಾಗಿರುವುದೇ ಹೆಚ್ಚು. ಅಮೆರಿಕದ ಭೂಕಂಪ ನಿಯಮಾವಳಿ ಕೆಲವು ಬಗೆಯ ಕೊಳವೆಗಳಿಗೆ 1.4 ಪಟ್ಟು ಎಂದೇ ಎಣಿಸುತ್ತದೆ. ಕೊಂಡಿ ಆ ನಿಜವಾದ ಬಲವನ್ನು ತಾಳೀತೇ?

ಅದನ್ನು ತಿಳಿಯಲು ಮಾಂಟ್ರಿಯಲ್‌ನ ಎಕೋಲ್ ಪಾಲಿಟೆಕ್ನಿಕ್ ಪ್ರಯೋಗಾಲಯದಲ್ಲಿ ಪೂರ್ಣ ಗಾತ್ರದ ಬ್ರೇಸನ್ನೇ ಯಂತ್ರಕ್ಕೆ ಸಿಕ್ಕಿಸಿದರು. ಎಳೆ, ಒತ್ತು, ಮತ್ತೆ ಎಳೆ. ಮುಂದುವರಿದಂತೆ ಹಿಗ್ಗು-ಕುಗ್ಗುಗಳೂ ದೊಡ್ಡವಾದವು. ಕೊಳವೆ ನಡುವಿನಲ್ಲಿ ಬಾಗಿತು, ಮಡಿಕೆಯಲ್ಲಿ ಗೋಡೆ ಸುಕ್ಕಾಯಿತು, ಸುಕ್ಕಿನಲ್ಲೇ ಬಿರುಕು ಹುಟ್ಟಿ ಕೊನೆಗೆ ಹರಿಯಿತು. ಎರಡೂ ತುದಿಯ ಕೊಂಡಿಗಳು ಆಕಾರ ಕೆಡದೆ ಉಳಿದವು. ಅವರು ಬಯಸಿದ್ದು ಅದನ್ನೇ.

ಮುಂದೆ ಅದೇ ಬಳಗ ಇದಕ್ಕೆ ತಿರುಗುಮುರುಗಾದ ಇನ್ನೊಂದು ಎರಕದ ಕೊಂಡಿಯನ್ನು ರೂಪಿಸಿತು. ಅದರಲ್ಲಿ ಬ್ರೇಸ್ ನೆಟ್ಟಗೆ ಉಳಿಯುತ್ತದೆ. ಕೊಂಡಿಗೆ ಬೆರಳುಗಳಿದ್ದು, ಅವೇ ಬಾಗಿ ಕಂಪನವನ್ನು ನುಂಗುತ್ತವೆ.