ಎಲ್ಲಿಗೆ ಎನ್ನುವ ಮೊದಲು ಏಕೆ

ದಸರಾ ರಜೆ ಹತ್ತಿರವಾಯಿತೆಂದರೆ ತಿಲಕ್‌ನಗರದಿಂದ ಬನಶಂಕರಿ, ಬಿಟಿಎಂ ಬಡಾವಣೆಯವರೆಗೆ ನಮ್ಮ ಮನೆಗಳಲ್ಲಿ ಒಂದೇ ಚರ್ಚೆ. ಮಗನಿಗೆ ಕುದುರೆಮುಖದ ಚಾರಣ ಬೇಕು, ತಾಯಿಗೆ ಉಮ್ರಾ, ತಂದೆಗೆ ಮೂಡಿಗೆರೆಯಲ್ಲಿರುವ ಅಕ್ಕನ ಮನೆ. ಮಗಳಿಗೆ ಎಲ್ಲಾದರೂ ಸರಿ, ನಾಲ್ಕು ದಿನ ಪುಸ್ತಕ ಮುಟ್ಟಬಾರದು. ಇದನ್ನು ನಾವು ಹಣದ ಜಗಳವೆಂದುಕೊಳ್ಳುತ್ತೇವೆ. ಹಣದ್ದೂ ಹೌದು. ಆದರೆ ಒಬ್ಬೊಬ್ಬರ ಸ್ವಭಾವ ಬೇರೆ, ಬದುಕಿನಲ್ಲಿ ದೊಡ್ಡದೆಂದು ನಂಬಿದ್ದು ಬೇರೆ. ಊರಿನ ಹೆಸರಿನ ಹಿಂದೆ ಮಾತನಾಡುವುದು ಅವೇ.

ಕರ್ಮಗಳು ನಿಯ್ಯತ್ತನ್ನು ಅವಲಂಬಿಸಿವೆ ಎಂಬ ಹದೀಸ್ ಸಹೀಹ್ ಬುಖಾರಿಯ ಮೊದಲನೆಯದು. ಅದರಲ್ಲಿ ಪ್ರವಾದಿ(ಸ) ಕೊಟ್ಟ ಉದಾಹರಣೆ ನಮಾಝಿನದ್ದಲ್ಲ, ಉಪವಾಸದ್ದಲ್ಲ, ಪ್ರಯಾಣದ್ದು: ಹಿಜ್ರತ್. ದಾರಿ ಒಂದೇ, ಒಬ್ಬ ಅಲ್ಲಾಹನಿಗಾಗಿ ಹೊರಟ, ಇನ್ನೊಬ್ಬ ಲಾಭಕ್ಕೋ ಮದುವೆಗೋ ಹೊರಟ.

ಇತಿಹಾಸದ ಇಬ್ಬರನ್ನು ನೋಡೋಣ. ಹೊರಡುವಾಗ ಇಬ್ಬರೂ ಹೇಳಿದ್ದು ಮಕ್ಕಾ ಎಂದೇ.

ಇಮಾಮ್ ಗಝಾಲಿ 1095ರಲ್ಲಿ ಬಗ್ದಾದಿನ ನಿಝಾಮಿಯ್ಯಾ ಮದ್ರಸದ ದೊಡ್ಡ ಹುದ್ದೆ ತೊರೆದರು. ತಮ್ಮ ಬೋಧನೆಯ ಹಿಂದೆ ಕೀರ್ತಿಯ ಆಸೆಯಿದೆ ಎಂಬ ಅರಿವು ತಿಂಗಳುಗಟ್ಟಲೆ ಕಾಡಿ, ಪಾಠ ಹೇಳಲು ನಾಲಗೆಯೇ ಏಳದಂತಾಗಿತ್ತು. ಬಾಯಲ್ಲಿ ಮಕ್ಕಾ ಎಂದರೂ ಮನಸ್ಸಿನಲ್ಲಿದ್ದದ್ದು ಸಿರಿಯಾ. ಜನ ತಡೆದಾರೆಂದು ಹಾಗೆ ಹೇಳಿದೆನೆಂದು ಅವರೇ ಬರೆದಿದ್ದಾರೆ. ಹಜ್ಜ್ ಆಮೇಲೆ ಮಾಡಿದರು.

ಇಬ್ನ್ ಬತೂತ 1325ರಲ್ಲಿ ಟ್ಯಾಂಜಿಯರ್ ಬಿಟ್ಟಾಗ 21ರ ಯುವಕ. ಹಜ್ಜ್ ಮುಗಿಯಿತು, ಕುತೂಹಲ ಮುಗಿಯಲಿಲ್ಲ. ನಮ್ಮ ಹೊನ್ನಾವರಕ್ಕೂ ಬಂದು, ಅಲ್ಲಿ ಹೆಣ್ಣುಮಕ್ಕಳ 13, ಗಂಡುಮಕ್ಕಳ 23 ಶಾಲೆಗಳನ್ನು ಕಂಡೆನೆಂದು ದಾಖಲಿಸಿದರು. ಆ ಕಣ್ಣು ಇಲ್ಲದಿದ್ದರೆ ಈ ಸಂಗತಿ ನಮಗೆ ಸಿಗುತ್ತಿರಲಿಲ್ಲ. ಆದರೆ ಅವರು ಮನೆಗೆ ಮರಳುವಷ್ಟರಲ್ಲಿ ತಂದೆಯೂ ಇರಲಿಲ್ಲ, ತಾಯಿಯೂ ಇರಲಿಲ್ಲ.

ನಮ್ಮ ಮನೆಯ ಚರ್ಚೆಯಲ್ಲೂ ಊರಿನ ಬದಲು ಕಾರಣ ಕೇಳಿದರೆ ದಾರಿ ಸಿಗುತ್ತದೆ. ತಂದೆಯ ಅಕ್ಕನಿಗೆ ವಯಸ್ಸಾಗಿದೆ. ಅದು ಪ್ರವಾಸವಲ್ಲ, ರಕ್ತಸಂಬಂಧದ ಹಕ್ಕು, ಮುಂದೂಡುವಂಥದ್ದಲ್ಲ. ಮಗನಿಗೆ ಬೇಕಿರುವುದು ತನ್ನ ಶಕ್ತಿಯ ಪರೀಕ್ಷೆ. ಮೂಡಿಗೆರೆಯವರೆಗೆ ಹೋದಮೇಲೆ ಕುದುರೆಮುಖದ ಕಡೆಗೂ ಹೋಗಿಬರಲಿ. ಅರಣ್ಯ ಇಲಾಖೆಯ ಅನುಮತಿ ಮಾತ್ರ ಮೊದಲೇ ಪಡೆಯಬೇಕು. ಮಗಳ ದಣಿವೂ ಒಂದು ಕಾರಣವೇ, ಸೋಮಾರಿತನವಲ್ಲ. ಸೋದರತ್ತೆಯ ಮನೆಯ ಜಗಲಿ ಅವಳಿಗೆ ಸಾಕು.

ಇನ್ನು ತಾಯಿಯ ಉಮ್ರಾ. ಈ ರಜೆಗೆ ಆಗದಿದ್ದರೆ ತಿಂಗಳಿಗಿಷ್ಟೆಂದು ಇಂದಿನಿಂದಲೇ ಎತ್ತಿಡಬಹುದು. ‘ಮುಂದಿನ ವರ್ಷ ನೋಡೋಣ’ ಎಂದು ಪ್ರತಿ ವರ್ಷವೂ ಹೇಳಿಸಿಕೊಳ್ಳುವವರು ನಾಲ್ವರಲ್ಲಿ ಅವರೊಬ್ಬರೇ.