ಹಳೆಯ ಕಾರಿನ ಸದ್ದು: ಎಂಜಿನ್ ಬಿಚ್ಚುವ ಮೊದಲು

ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರ್ ಕಾರಿನ ತಯಾರಿ 2014ರಲ್ಲಿ ನಿಂತಿತು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಯ ಕಾಲ ಅದಕ್ಕೂ ಮೊದಲೇ ಮುಗಿದಿತ್ತು. ಹಾಗಿದ್ದರೂ ಅಪ್ಪನ ಕಾಲದ ಕಾರನ್ನು ಮಾರಲು ಮನಸ್ಸಾಗದೆ ಜೋಪಾನವಾಗಿ ಇರಿಸಿಕೊಂಡ ಕುಟುಂಬಗಳು ನಮ್ಮ ಗಡಿನಾಡಿನಲ್ಲಿ ಇನ್ನೂ ಇವೆ. ಮದುವೆಗೋ ಜಾತ್ರೆಗೋ ಮನೆಮಂದಿ ಹೊರಟಾಗ ಎಂದೂ ಇಲ್ಲದ 'ಟಕ್ ಟಕ್' ಎಂಬ ಸದ್ದು ಬಾನೆಟ್ಟಿನ ಕೆಳಗಿನಿಂದ ಕೇಳಿಬಂದರೆ ಎದೆ ಧಸಕ್ಕೆನ್ನುವುದು ಸಹಜವೇ.

"ಎಂಜಿನ್ ಇಳಿಸಬೇಕು" ಎಂದರೆ ಸಾವಿರಾರು ರೂಪಾಯಿಗಳ ಮಾತು. "ಹಳೆ ಗಾಡಿ, ಸದ್ದು ಇದ್ದದ್ದೇ" ಎಂದು ಹಾಗೆಯೇ ಓಡಿಸಿದರೆ ಎಂಜಿನ್ನೇ ಕೈಬಿಟ್ಟೀತು. ಈ ಎರಡು ನಷ್ಟಗಳಿಂದಲೂ ಪಾರಾಗಲು ಯಜಮಾನನು ಮೆಕ್ಯಾನಿಕ್ ಆಗಬೇಕಾಗಿಲ್ಲ. ಸದ್ದು ಎಂತಹುದು ಎನ್ನುವುದಕ್ಕಿಂತ ಅದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಆಯಿಲ್

ಯಾವ ಸದ್ದೇ ಇರಲಿ, ಮೊದಲು ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಸ್ವಲ್ಪ ಹೊತ್ತು ಕಾದು ಆಯಿಲ್ ಕಡ್ಡಿಯನ್ನು ಎಳೆದು ನೋಡಬೇಕು. ಆಯಿಲ್ ಕಡಿಮೆಯಾದರೆ ಆರೋಗ್ಯವಂತ ಎಂಜಿನ್ ಕೂಡ ಕಟಕಟಿಸುತ್ತದೆ. ಎಂಜಿನ್ನಿನ ತಳದಿಂದ 'ಧಡ್ ಧಡ್' ಎಂಬ ಆಳವಾದ ಬಡಿತ ಬರುತ್ತಿದ್ದು, ಆಯಿಲ್ ಒತ್ತಡ ಇಳಿದಿದ್ದರೆ ಅಥವಾ ಕೆಂಪು ದೀಪ ಉರಿಯುತ್ತಿದ್ದರೆ ಮುಂದಿನ ಪರೀಕ್ಷೆಗಳ ಮಾತೇ ಇಲ್ಲ. ಅಲ್ಲೇ ನಿಲ್ಲಿಸಿ, ಗಾಡಿಯನ್ನು ಎಳೆಸಿಕೊಂಡು ಹೋಗಬೇಕು. ಸವೆದ ಬೇರಿಂಗಿನ ಮೇಲೆ ಇನ್ನೈದು ಮೈಲು ಓಡಿಸಿದರೆ ಕ್ರ್ಯಾಂಕ್ ಶಾಫ್ಟೇ ಹಾಳಾಗಬಹುದು.

ತಾಳ ಹಿಡಿದು ಕೇಳಿ

1489 ಸಿ.ಸಿ.ಯ ಹಳೆಯ ಅಂಬಾಸಿಡರ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಶಾಫ್ಟ್ ಒಂದೇ ಸುತ್ತು ತಿರುಗುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್‌ಗಳೆಲ್ಲದರಲ್ಲೂ ಇದೇ ಕ್ರಮ. ವಾಲ್ವುಗಳನ್ನು ತೆರೆಯುವುದು ಕ್ಯಾಮ್ ಶಾಫ್ಟ್. ಆದುದರಿಂದ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಸಡಿಲವಾದ ಒಂದು ಟ್ಯಾಪೆಟ್ 400 ಬಾರಿ ಬಡಿಯುತ್ತದೆ. ತಳದ ಬೇರಿಂಗಿನ ಬಡಿತ ಸಾಮಾನ್ಯವಾಗಿ ಇದರ ಇಮ್ಮಡಿ ವೇಗದ್ದು. ಎಣಿಸಲು ಸಾಧ್ಯವಿಲ್ಲದಿದ್ದರೂ, ಎಂಜಿನ್ನಿನ ಓಟಕ್ಕಿಂತ ಸದ್ದು ನಿಧಾನವಾಗಿದೆ ಎಂಬುದು ಕಿವಿಗೆ ಗೊತ್ತಾಗುತ್ತದೆ. ಮೇಲ್ಭಾಗದಿಂದ ಬರುವ, ಹಗುರವಾದ, ನಿಧಾನದ 'ಟಿಕ್ ಟಿಕ್' ಟ್ಯಾಪೆಟ್ಟಿನದೆಂದು ಊಹಿಸಬಹುದು. ಫೀಲರ್ ಗೇಜ್ ಇಟ್ಟು ಅಂತರವನ್ನು ಸರಿಪಡಿಸಿದರೆ ಮುಗಿಯಿತು. ಎಂಜಿನ್ ಇಳಿಸುವ ಪ್ರಶ್ನೆಯೇ ಇಲ್ಲ.

ಆದರೆ ಸದ್ದು ಪೂರ್ತಿ ಅಡಗುವಂತೆ ಟ್ಯಾಪೆಟ್ಟನ್ನು ಬಿಗಿ ಮಾಡಿಸಬಾರದು. ನಮ್ಮ ದೇಶದಲ್ಲಿ 2000ದಿಂದ ಸೀಸರಹಿತ ಪೆಟ್ರೋಲ್ ಮಾತ್ರ ಸಿಗುತ್ತಿದೆ. ಹಳೆಯ ಎಂಜಿನ್‌ಗಳಲ್ಲಿ ಆ ಸೀಸವೇ ವಾಲ್ವಿನ ಆಸನವನ್ನು ಸವೆತದಿಂದ ಕಾಯುತ್ತಿತ್ತು. ಈಗ ಆಸನ ಸವೆದಂತೆ ವಾಲ್ವು ಒಳಗೆ ಸರಿದು, ಅಂತರ ತಾನಾಗಿ ಕಡಿಮೆಯಾಗಬಹುದು. ಅಂತರವೇ ಇಲ್ಲದ ವಾಲ್ವು ಸದ್ದು ಮಾಡುವುದಿಲ್ಲ. ಸರಿಯಾಗಿ ಮುಚ್ಚಿಕೊಳ್ಳದೆ ಸುಟ್ಟುಹೋಗುತ್ತದೆ.

ತಣ್ಣಗಿದ್ದಾಗಲೋ, ಬಿಸಿಯಾದಾಗಲೋ?

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಜೋರಾಗಿದ್ದು, ಎಂಜಿನ್ ಬಿಸಿಯಾದ ಮೇಲೆ ಕಡಿಮೆಯಾಗುವ ಸದ್ದಿಗೆ ಎರಡು ಕಾರಣಗಳಿರಬಹುದು. ಒಂದು, ಸವೆದ ಸಿಲಿಂಡರಿನಲ್ಲಿ ಪಿಸ್ಟನ್ ಅಲುಗಾಡುವುದು. ಇನ್ನೊಂದು, ಹೊಗೆ ಹೋಗುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರುವುದು. ಈ ಎರಡನೆಯದು ಟ್ಯಾಪೆಟ್ ಸದ್ದನ್ನೇ ಹೋಲುವುದರಿಂದ ಅನೇಕರು ಮೋಸಹೋಗುತ್ತಾರೆ. ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದನ್ನು ಗ್ಯಾಸ್ಕೆಟ್ಟಿನ ಅಂಚಿನುದ್ದಕ್ಕೂ ಸರಿಸಿದರೆ ಸೋರುವ ಜಾಗ 'ಚಸ್ ಚಸ್' ಎಂದು ತಾನೇ ಹೇಳುತ್ತದೆ. ತಿರುಗುವ ಫ್ಯಾನಿನಿಂದ ಕೈ, ಬಟ್ಟೆಗಳನ್ನು ದೂರವಿಡಬೇಕು.

ಬಿಸಿಯಾದಷ್ಟೂ ಹೆಚ್ಚುವ ಬಡಿತವಾದರೆ ಜಾಗ್ರತೆ. ಬಿಸಿಯಲ್ಲಿ ಆಯಿಲ್ ತೆಳುವಾಗಿ, ಸವೆದ ಬೇರಿಂಗಿನ ಗುಟ್ಟು ಬಯಲಾಗುತ್ತದೆ.

ಬೆಲ್ಟು, ಕ್ಲಚ್ಚು, ಏರು

ಆಟಿಯ ಮಳೆಯಲ್ಲಿ ಬೆಳಿಗ್ಗೆ 'ಕೀಂ' ಎಂದು ಕಿರುಚುವುದು ಹೆಚ್ಚಾಗಿ ಒದ್ದೆಯಾದ ಅಥವಾ ಸಡಿಲವಾದ ಫ್ಯಾನ್ ಬೆಲ್ಟ್. 'ಗರಗರ' ಸದ್ದಾದರೆ ವಾಟರ್ ಪಂಪಿನ ಅಥವಾ ಡೈನಮೋದ ಬೇರಿಂಗನ್ನು ಸಂಶಯಿಸಬೇಕು. ತಣ್ಣಗಿನ ಎಂಜಿನ್ನಿನ ಬೆಲ್ಟನ್ನು ತೆಗೆದು ಅರ್ಧ ನಿಮಿಷ ಓಡಿಸಿ ನೋಡಿ. ಸದ್ದು ನಿಂತರೆ ದೋಷ ಎಂಜಿನ್ನಿನ ಹೊರಗಿದೆ. ನೀರು ತಿರುಗದಿರುವುದರಿಂದ ಹೆಚ್ಚು ಹೊತ್ತು ಓಡಿಸಕೂಡದು.

ಗಾಡಿ ನಿಂತಿರುವಾಗ ಕ್ಲಚ್ ಮೆಟ್ಟಿದೊಡನೆ ಸದ್ದು ಶುರುವಾದರೆ ಅದು ಕ್ಲಚ್ ರಿಲೀಸ್ ಬೇರಿಂಗಿನದು. ಮೆಟ್ಟಿದಾಗ ನಿಂತು, ಬಿಟ್ಟಾಗ ಮರಳಿದರೆ ಗೇರ್ ಬಾಕ್ಸನ್ನು ನೋಡಬೇಕು. ಪಾಣತ್ತೂರು ಕಡೆಯಂತಹ ಏರುದಾರಿಯಲ್ಲಿ ಟಾಪ್ ಗೇರಿನಲ್ಲಿ ಹೋಗುವಾಗ ಮಾತ್ರ 'ಚಟಚಟ' ಎಂದರೆ ಇಗ್ನಿಷನ್ ಟೈಮಿಂಗ್ ಮುಂದಾಗಿರಬಹುದು, ಎಂಜಿನ್ ಅತಿಯಾಗಿ ಬಿಸಿಯಾಗಿರಲೂಬಹುದು. ಗೇರ್ ಇಳಿಸಿ ಹತ್ತಿಸಿ, ಆಮೇಲೆ ಪರೀಕ್ಷೆ ಮಾಡಿಸಬೇಕು.

ಯಾವ ಸಿಲಿಂಡರ್?

ಇಷ್ಟಾದ ಮೇಲೂ ತಳದ ಬಡಿತದ ಸಂಶಯ ಉಳಿದರೆ, ಪಾಯಿಂಟ್ ಇರುವ ಹಳೆಯ ಎಂಜಿನ್‌ಗಳಲ್ಲಿ ಅನುಭವಿ ಮೆಕ್ಯಾನಿಕ್ ಒಂದೊಂದೇ ಪ್ಲಗ್ಗಿನ ಕಿಡಿಯನ್ನು ತಪ್ಪಿಸಿ ಕೇಳುತ್ತಾನೆ. ಯಾವ ಸಿಲಿಂಡರಿನ ಕಿಡಿ ನಿಂತಾಗ ಬಡಿತ ತಗ್ಗುವುದೋ ಅದರ ಕನೆಕ್ಟಿಂಗ್ ರಾಡಿನ ಬೇರಿಂಗಿನಲ್ಲಿ ತೊಂದರೆ ಇರುವ ಸಂಭವ ಹೆಚ್ಚು. ಇಲೆಕ್ಟ್ರಾನಿಕ್ ಇಗ್ನಿಷನ್ ಇರುವ ಗಾಡಿಗಳಲ್ಲಿ ಹೀಗೆ ಮಾಡಬಾರದು. ಮನೆಯಲ್ಲಿ ಯಾರೂ ಪ್ಲಗ್ ವೈರಿಗೆ ಕೈಹಾಕುವುದೂ ಬೇಡ.

ನಮ್ಮಲ್ಲಿ ಹಲವರಿಗೆ ಇನ್ನೊಂದು ತೊಡಕಿದೆ. ವರ್ಕ್‌ಶಾಪಿನಲ್ಲಿ ಮಾತು ನಡೆಯುವುದು ಮಲೆಯಾಳದಲ್ಲಿ. ಮನೆಯ ಹಿರಿಯರಿಗೆ ಸದ್ದು ಸ್ಪಷ್ಟವಾಗಿ ಕೇಳಿಸಿದರೂ ಅದನ್ನು ವಿವರಿಸಲು ಮಾತು ಸಾಲದೆ, "ಎಂಜಿನ್ನಿನಲ್ಲಿ ಶಬ್ದ" ಎಂದಷ್ಟೇ ಹೇಳಿ ಗಾಡಿ ಒಪ್ಪಿಸಿ ಬರುವುದುಂಟು. ಹೋಗುವ ಮೊದಲು ನಾಲ್ಕು ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ನಿಂತಾಗಲೋ ಏರಿನಲ್ಲೋ, ವೇಗ ಹೆಚ್ಚಿದರೆ ಸದ್ದೂ ಹೆಚ್ಚುವುದೋ, ಕ್ಲಚ್ ಮೆಟ್ಟಿದರೆ ಬದಲಾಗುವುದೋ. ಮಲೆಯಾಳ ಶಾಲೆಗೆ ಹೋಗುವ ಮೊಮ್ಮಗನೋ ಮೊಮ್ಮಗಳೋ ಇದನ್ನು ಒಂದೇ ನಿಮಿಷದಲ್ಲಿ ಓದಿ ಹೇಳಬಲ್ಲರು. ಸಾಧ್ಯವಾದರೆ ಮೆಕ್ಯಾನಿಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸದ್ದು ಬರುವ ದಾರಿಯಲ್ಲೇ ಒಂದು ಸುತ್ತು ಹೋಗಿ ಬನ್ನಿ. ಖರ್ಚಿಲ್ಲದ ಪರೀಕ್ಷೆಗಳೆಲ್ಲ ಮುಗಿದ ಮೇಲೆಯೇ ಎಂಜಿನ್ ಬಿಚ್ಚಲು ಒಪ್ಪಿಗೆ ಕೊಟ್ಟರೆ ಸಾಕು.